ಬೈಂಡು ಹಾಕಿದ ಲೈಬ್ರರಿ

ಮೊನ್ನೆ ಅಡುಗೆಮನೆಯ ನಲ್ಲಿಗೆ ವಾಷರ್ ತರಲೆಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಬಣ್ಣದ ಡಬ್ಬಿಗಳ ಸಾಲು ಮುಗಿಯುವಲ್ಲಿ ನನ್ನ ಸೊಂಟದೆತ್ತರದ ಒಂದು ಸುರುಳಿ ಗೋಡೆಗೆ ಒರಗಿ ನಿಂತಿತ್ತು. ಬ್ರೌನ್ ಪೇಪರ್. ಗೋಡೆಗೆ ಬಣ್ಣ ಹೊಡೆಯುವಾಗ ನೆಲ ಕೆಡದಿರಲೆಂದು ಕೆಳಗೆ ಹಾಸುವುದಕ್ಕೆ ಇಲ್ಲಿಯವರು ಅದನ್ನು ಕೊಳ್ಳುತ್ತಾರೆ. ಕಾಲಡಿಗೆ ಹಾಸುತ್ತಾರೆ ಎಂದು ಅಪ್ಪನಿಗೆ ಹೇಳಿದರೆ ಅವರು ಆ ದಿನ ಊಟ ಮಾಡಲಿಕ್ಕಿಲ್ಲ. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕಾಗದದ ಅಂಚನ್ನು ಮೂಗಿನ ಹತ್ತಿರ ತಂದೆ. ಅದೇ ವಾಸನೆ. ಹೊರಗೆ ಪರ್ತ್‌ನ ಬಿಸಿಲು. ನನ್ನ ಮೂಗಿನಲ್ಲಿ ಮೈಸೂರಿನ ಜೂನ್ ತಿಂಗಳು.

ಕೊಳ್ಳಲಿಲ್ಲ. ಇನ್ನು ಮುಂದೆ ಕೊಳ್ಳುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟಿದ್ದೇನೆ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕು. ನಿಮಗೇನೂ ಅವಸರವಿಲ್ಲ ತಾನೆ?

ಸರಸ್ವತಿಪುರಂನ ನಮ್ಮ ಮನೆಯಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಯುಗಾದಿಯಂದೂ ಅಲ್ಲ, ಜನವರಿಯಲ್ಲೂ ಅಲ್ಲ. ಅಪ್ಪ ಆಫೀಸಿನಿಂದ ಬರುವಾಗ ಕಂಕುಳಲ್ಲಿ ಬ್ರೌನ್ ಪೇಪರಿನ ಸುರುಳಿ ಸಿಕ್ಕಿಸಿಕೊಂಡು ಬಂದರೆ ಅಂದು ವರ್ಷ ಶುರು. ಕಾಫಿ ಕುಡಿದವರೇ ಹಾಲ್‌ನಲ್ಲಿ ಚಾಪೆ ಹಾಸಿ ಕುಳಿತುಬಿಡುತ್ತಿದ್ದರು. ಅಕ್ಕ ಕಾಗದ ಹಿಡಿಯಬೇಕು, ನಾನು ಲೇಬಲ್ಲು ಹರಿಯದಂತೆ ಬಿಡಿಸಿ ಕೊಡಬೇಕು, ಅಮ್ಮ ಮೈದಾ ಗೋಂದು ಕುದಿಸಬೇಕು. ಅಪ್ಪನ ಬೈಂಡಿನಲ್ಲಿ ಸೆಲ್ಲೋಟೇಪಿಗೆ ಜಾಗವಿರಲಿಲ್ಲ. ಟೇಪು ಹಚ್ಚುವವರು ಸೋಮಾರಿಗಳು ಎಂಬುದು ಅವರ ಖಚಿತ ಅಭಿಪ್ರಾಯ. ಮೇಲೂ ಕೆಳಗೂ ಎರಡೆರಡು ಬೆರಳಿನಷ್ಟು ಮಡಚಿ, ಪುಸ್ತಕದ ಬೆನ್ನಿನ ಹತ್ತಿರ ಕತ್ತರಿಯಿಂದ ಸಣ್ಣ ಸೀಳು ಕೊಟ್ಟು, ಆ ನಾಲಿಗೆಯನ್ನು ಒಳಕ್ಕೆ ತಳ್ಳಿ, ಉಗುರಿನಿಂದ ಒಂದು ಗೀರು ಎಳೆದರೆ ಮುಂದಿನ ಮಾರ್ಚ್‌ವರೆಗೆ ಅಲುಗಾಡುತ್ತಿರಲಿಲ್ಲ. ಆಮೇಲೆ ಲೇಬಲ್ಲು. ಹೆಸರು, ತರಗತಿ, ವಿಭಾಗ, ವಿಷಯ. ಅಪ್ಪನ ಅಕ್ಷರ ಅಚ್ಚಿನಂತಿತ್ತು. ಬೈಂಡು ಹಾಕಿದ ಪುಸ್ತಕಗಳನ್ನು ರಾತ್ರಿಯಿಡೀ ಟ್ರಂಕಿನ ಕೆಳಗೆ ಇಡುತ್ತಿದ್ದರು, ಮಡಿಕೆ ಕೂರಲೆಂದು.

ಶಾಲೆಯಲ್ಲಿ ಬೈಂಡು ನೋಡಿ ಮನೆತನ ಹೇಳಬಹುದಿತ್ತು. ನನ್ನ ಪಕ್ಕ ಕೂರುತ್ತಿದ್ದ ಶಶಿಕಲಾ ಕ್ಯಾಲೆಂಡರಿನ ನುಣುಪು ಹಾಳೆಯಲ್ಲಿ ಬೈಂಡು ಹಾಕಿಕೊಂಡು ಬರುತ್ತಿದ್ದಳು. ಅವಳ ವಿಜ್ಞಾನ ಪುಸ್ತಕದ ಮೇಲೆ ಗಣಪತಿಯ ಸೊಂಡಿಲು, ಸಮಾಜದ ಮೇಲೆ ಅದೇ ಗಣಪತಿಯ ಹೊಟ್ಟೆ. ಎರಡನ್ನೂ ಜೋಡಿಸಿಟ್ಟರೆ ದರ್ಶನವಾಗುತ್ತಿತ್ತು. ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಆದರೆ ಟೀಚರ್ ಹೊಗಳುತ್ತಿದ್ದದ್ದು ನನ್ನ ಖಾಕಿ ಪುಸ್ತಕಗಳನ್ನು. ಆ ಹೊಗಳಿಕೆ ಕೆಲವರ ತಲೆಗೆ ಏರಿ ಇಳಿಯುತ್ತದೆ. ನನ್ನ ತಲೆಯಲ್ಲಿ ಹಾಗೇ ಕುಳಿತುಬಿಟ್ಟಿತು.

ನನ್ನ ಸ್ವಭಾವವೂ ಅದಕ್ಕೆ ತಕ್ಕ ಹಾಗಿದೆ. ಏಳನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ತಾರೀಕು, ಹವೆ, ಏನು ತಿಂದೆ, ಎಷ್ಟು ಪುಟ ಓದಿದೆ. ಪುಟದ ಲೆಕ್ಕಕ್ಕೆ ನಾಲ್ಕು ಗೀಟು, ಐದನೆಯದು ಅಡ್ಡ. ಹದಿಹರೆಯದ ಹುಡುಗಿಯರ ದಿನಚರಿಯನ್ನು ಕದ್ದು ಓದುವ ಆಸೆ ಅಕ್ಕಂದಿರಿಗೆ ಇರುತ್ತದಲ್ಲ, ನಮ್ಮಕ್ಕ ಒಮ್ಮೆ ಓದಿ, ಆಕಳಿಸಿ, ಇದ್ದಲ್ಲೇ ಇಟ್ಟಳಂತೆ. ಈಗ ಪರ್ತ್‌ನಲ್ಲಿ ಒಂದು ದೊಡ್ಡ ಗೋದಾಮಿನ ದಾಸ್ತಾನು ನೋಡಿಕೊಳ್ಳುವ ಕೆಲಸ. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು. ಕೆಲಸ ಮುಗಿಸಿ ಹ್ಯಾರಿಸ್‌ಡೇಲ್‌ನಲ್ಲಿರುವ ಅಕ್ಕನ ಮನೆಗೆ ಬರುತ್ತೇನೆ. ನನ್ನ ವಾಸವೂ ಅಲ್ಲೇ. ಜೊತೆಗೆ ಅಕ್ಕ ವೀಣಾ, ರವಿ ಭಾವ, ಎಂಟು ವರ್ಷದ ಅವರ ಮಗಳು ಅನ್ವಿ.

ಅನ್ವಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. 'ಊಟ ಆಯ್ತಾ?' ಎಂದರೆ 'ಯಾ, ಏಜಸ್ ಅಗೋ' ಎನ್ನುತ್ತಾಳೆ. ನನ್ನನ್ನು 'ಚಿಕ್ಕಿ' ಎಂದು ಕರೆಯುವುದೊಂದೇ ಅವಳ ಬಾಯಿಂದ ಬರುತ್ತಿದ್ದ ಕನ್ನಡ. ಮೈಸೂರಿನಿಂದ ಅಮ್ಮ ವಿಡಿಯೊ ಕಾಲ್ ಮಾಡಿದಾಗ ಅಜ್ಜಿ ಕನ್ನಡದಲ್ಲೂ ಮೊಮ್ಮಗಳು ಇಂಗ್ಲಿಷಿನಲ್ಲೂ ಸುಖವಾಗಿ ಮಾತಾಡಿಕೊಳ್ಳುತ್ತಿದ್ದರು. ಮಾತು ಮುಗಿದ ಮೇಲೆ ಅಮ್ಮ ಅಕ್ಕನನ್ನು ಕೇಳುವುದು ಒಂದೇ: "ಏನಂದ್ಳೇ ಅವ್ಳು?" ಅಕ್ಕ ಪ್ರತಿಸಲವೂ ನಗುತ್ತ ಅನುವಾದಿಸುತ್ತಿದ್ದಳು. ಒಂದು ಭಾನುವಾರ ನಗಲಿಲ್ಲ. "ನಾನು ದಿನಾ ಕನ್ನಡದಲ್ಲೇ ಮಾತಾಡ್ತೀನಿ ಕಣೇ ಸುಮಿ. ಎಲ್ಲಿ ಹೋಗತ್ತೆ ಅದೆಲ್ಲಾ?" ಎಂದಳು. ದಾಸ್ತಾನಿನ ಭಾಷೆಯಲ್ಲಿ ಹೇಳುವುದಾದರೆ, ಸರಕು ಒಳಗೆ ಬರುತ್ತಿದೆ, ಹೊರಗೆ ಹೋಗುತ್ತಿಲ್ಲ. ಹಾಗಿದ್ದರೆ ಒಳಗೆಲ್ಲೋ ಇರಲೇಬೇಕು.

ಆ ಭಾನುವಾರದ ಮಾತಿನಿಂದ ಹುಟ್ಟಿದ್ದು ನನ್ನ ಲೈಬ್ರರಿ. ಮಕ್ಕಳಿಗೆ ಕನ್ನಡ ಪುಸ್ತಕಗಳು, ಶನಿವಾರ ಬೆಳಿಗ್ಗೆ ಮಾತ್ರ, ಅಕ್ಕನ ಮನೆಯ ಗ್ಯಾರೇಜಿನಲ್ಲಿ. ಊರಿನಿಂದ ಬರುವವರ ಸೂಟ್‌ಕೇಸುಗಳಲ್ಲಿ ಚಟ್ನಿಪುಡಿಯ ಪಕ್ಕ ನಾಲ್ಕು ನಾಲ್ಕು ಪುಸ್ತಕ ಬಂದವು. ಅಡಿಲೇಡಿನ ಗ್ಲೆನೆಲ್ಗ್‌ನಲ್ಲಿರುವ ಒಂದು ಕುಟುಂಬ, ಮಕ್ಕಳು ದೊಡ್ಡವರಾದರೆಂದು ಒಂದು ಪೆಟ್ಟಿಗೆ ತುಂಬ ಕಳಿಸಿತು. 'ಎಲ್ಲವೂ ಹೊಸದರಂತಿವೆ' ಎಂದು ಚೀಟಿ ಬರೆದಿದ್ದರು. ತೆರೆದರೆ ನಿಜಕ್ಕೂ ಹಾಗೇ ಇದ್ದವು. ಪುಟಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ನಾನು ಎಷ್ಟು ಸಂತೋಷಪಟ್ಟೆನೆಂದರೆ, ಅದರ ಅರ್ಥವೇನೆಂದು ಯೋಚಿಸಲೂ ಇಲ್ಲ.

ಗ್ಯಾರೇಜು ಬಿಟ್ಟುಕೊಟ್ಟದ್ದು ಭಾವನ ಪಾಲಿಗೆ ಸಣ್ಣ ತ್ಯಾಗವಲ್ಲ. ಅವರ ಹೊಸ ಕಾರು ಆಗಷ್ಟೇ ಮನೆಗೆ ಬಂದಿತ್ತು. ಭಾನುವಾರ ಅದನ್ನು ಒರೆಸುವಾಗ ಅವರ ಮುಖ ನೋಡಿದ್ದರೆ ನಿಮಗೂ ಕನಿಕರವಾಗುತ್ತಿತ್ತು. ಅದು ಡ್ರೈವ್‌ವೇಯಲ್ಲಿ ಬಿಸಿಲಿಗೆ ನಿಂತು, ಬೆಳಿಗ್ಗೆ ಗಿಳಿಗಳ ಹಿಕ್ಕೆ ಹೊತ್ತು ಕಾಯಬೇಕಾಯಿತು. "ಜೂನ್ ಕೊನೇವರೆಗೆ ಇಟ್ಕೋ ಸುಮಾ," ಎಂದರು ಭಾವ. "ಅಷ್ಟರಲ್ಲಿ ಐದಾರು ಮಕ್ಕಳಾದ್ರೂ ಖಾಯಮ್ಮಾಗಿ ಬರೋ ಹಾಗಾದ್ರೆ ಸರಿ. ಇಲ್ಲಾಂದ್ರೆ ಮಳೆಗಾಲಕ್ಕೆ ಕಾರು ಒಳಗೆ. ಆಲಿಕಲ್ಲು ಬಿದ್ರೆ ನನ್ನ ಎದೆ ಮೇಲೇ ಬಿದ್ದ ಹಾಗೆ." ನ್ಯಾಯವಾದ ಮಾತು. ಒಪ್ಪಿಕೊಂಡೆ.

ಈಗ ಆ ಹಾರ್ಡ್‌ವೇರ್ ಅಂಗಡಿಗೆ ಬರೋಣ. ಆಗಲೂ ಅಲ್ಲಿ ಇಂಥದೇ ಸುರುಳಿ ನಿಂತಿತ್ತು. ಆಗ ಕೊಂಡೆ. ಮೂರು ವಾರಾಂತ್ಯ ಗ್ಯಾರೇಜಿನ ಸಿಮೆಂಟಿನ ಮೇಲೆ ಕುಳಿತು ಒಂದೊಂದು ಪುಸ್ತಕಕ್ಕೂ ಬೈಂಡು ಹಾಕಿದೆ. ಟೇಪಿಲ್ಲದ, ಅಪ್ಪನ ಪದ್ಧತಿಯ ಬೈಂಡು. ಲೇಬಲ್ಲಿನ ಮೇಲೆ ನನ್ನ ಅತ್ಯುತ್ತಮ ಅಕ್ಷರದಲ್ಲಿ ಕ್ರಮಸಂಖ್ಯೆ, ಹೆಸರು, ವಿಭಾಗ. ಹಳದಿ ಹುಲಿ, ನೀಲಿ ತಿಮಿಂಗಿಲ, ಛತ್ರಿ ಹಿಡಿದ ಕಪ್ಪೆ, ಎಲ್ಲರೂ ಖಾಕಿಯೊಳಗೆ ಹೋದರು. ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ ದೂರ ಹೋಗಿ ನೋಡಿದಾಗ ಕಣ್ಣಿಗೆ ತಂಪಾಯಿತು. ಅಪ್ಪನಿಗೆ ಫೋಟೊ ಕಳಿಸಿದೆ.

ಅಕ್ಕ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. "ಲೈಬ್ರರಿ ಮಾಡಿದ್ಯೋ, ಪೊಲೀಸ್ ಸ್ಟೇಷನ್ ಮಾಡಿದ್ಯೋ?" ಎಂದಳು. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ. ಅಂದೇ ಒಂದು ರಟ್ಟಿನ ಮೇಲೆ 'ಇಲ್ಲಿ ಕನ್ನಡ ಮಾತ್ರ' ಎಂದು ದಪ್ಪಗೆ ಬರೆದು ರೋಲರ್ ಬಾಗಿಲ ಪಕ್ಕ ತೂಗುಹಾಕಿದೆ. ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಆ ಫಲಕ ಬಹಳ ಹಿಡಿಸಿತು. ಮೊದಲ ಶನಿವಾರ ಅಕ್ಕ ಕೇಸರಿಭಾತು ಮಾಡಿದ್ದಳು. ಗ್ಯಾರೇಜಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಫಲಕದ ಕೆಳಗೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆದರು.

ಆಮೇಲೆ ನಡೆದದ್ದನ್ನು ಹೇಳಲು ದಿನಚರಿಯೇನೂ ಬೇಡ. ಪುಸ್ತಕ ಒಯ್ಯುತ್ತಿದ್ದವರು ಅಪ್ಪ ಅಮ್ಮಂದಿರು, ಆರಿಸುತ್ತಿದ್ದವರೂ ಅವರೇ. ಮಕ್ಕಳು ಕಪಾಟಿನ ಮುಂದೆ ನಿಂತು ಖಾಕಿ ಗೋಡೆಯನ್ನು ನೋಡುತ್ತಿದ್ದರು. ಲೇಬಲ್ಲಿನ ಮೇಲಿನ ನನ್ನ ಸುಂದರ ಕನ್ನಡ ಅಕ್ಷರಗಳನ್ನು ಓದಲು ಅವರಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಈಗ ಬರೆಯುವಾಗ ನಗು ಬರುತ್ತದೆ. ಆಗ ಹೊಳೆಯಲೇ ಇಲ್ಲ. ಪುಸ್ತಕಗಳು ಹೋದ ಹಾಗೇ ವಾಪಸ್ಸು ಬರುತ್ತಿದ್ದವು. ಒಂದು ಮಡಿಕೆಯಿಲ್ಲ, ಒಂದು ಬಿಸ್ಕತ್ತಿನ ಪುಡಿಯಿಲ್ಲ. ಬೈಂಡು ಎಷ್ಟು ಚೆನ್ನಾಗಿ ಕಾಪಾಡಿದೆ ನೋಡು ಎಂದುಕೊಂಡೆ. ಬರುವವರು ಕಡಿಮೆಯಾದರು. ಈಜು, ಕ್ರಿಕೆಟ್ಟು, ಹುಟ್ಟುಹಬ್ಬ, ಯಾವ ಶನಿವಾರವೂ ಬರೀ ಶನಿವಾರವಾಗಿರುವುದಿಲ್ಲವಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಮೂರು ಮಕ್ಕಳು ಬಂದರೆ ಹಬ್ಬ.

ಅನ್ವಿ ಮಾತ್ರ ಮನೆಯವಳಾದ್ದರಿಂದ ಬರಲೇಬೇಕಿತ್ತು. ಒಳಗೆ ಬಂದರೆ ಬಾಯಿ ತೆರೆಯುತ್ತಿರಲಿಲ್ಲ. ಏನಾದರೂ ಬೇಕಿದ್ದರೆ 'ಚಿಕ್ಕಿ' ಎಂದು ಕೈಸನ್ನೆ ಮಾಡುತ್ತಿದ್ದಳು. 'ಅನ್ವಿ ಇಂದು ಒಂದು ಇಂಗ್ಲಿಷ್ ಪದವನ್ನೂ ಆಡಲಿಲ್ಲ' ಎಂದು ನಾನು ಹೆಮ್ಮೆಯಿಂದ ಬರೆದಿಟ್ಟಿದ್ದೇನೆ. ಯಾವ ಪದವನ್ನೂ ಆಡಲಿಲ್ಲ ಎಂದು ಬರೆಯಬೇಕಿತ್ತು.

ನಮ್ಮ ಎದುರುಮನೆಯಲ್ಲಿ ಸುನ್‌ಹಿ ಎಂಬ ಕೊರಿಯಾದ ಹೆಂಗಸಿದ್ದಾರೆ. ಅರವತ್ತು ದಾಟಿದವರು. ಇಲ್ಲಿಯ ರೂಢಿಯಂತೆ ಹೆಸರು ಹಿಡಿದೇ ಕರೆಯಬೇಕು. ನನಗೆ ನಾಲಿಗೆ ಏಳದೆ ಆಂಟಿ ಎನ್ನುತ್ತೇನೆ. ಅವರಿಗದು ಇಷ್ಟ. ಅಕ್ಕನಿಗೂ ಅವರಿಗೂ ಮೆಣಸಿನಕಾಯಿಯ ನಂಟು. ಇವಳು ಉಪ್ಪಿನಕಾಯಿ ಕೊಟ್ಟರೆ ಅವರು ಕಿಮ್ಚಿ ಕೊಡುತ್ತಾರೆ, ಯಾರದು ಹೆಚ್ಚು ಖಾರವೆಂಬ ಪಂದ್ಯ ವರ್ಷವಿಡೀ ನಡೆಯುತ್ತದೆ. ಮೇ ತಿಂಗಳ ಒಂದು ಶನಿವಾರ ಅವರು ತಮ್ಮ ಹಿತ್ತಲಿನ ಪರ್ಸಿಮನ್ ಹಣ್ಣು ಹಿಡಿದು ಗ್ಯಾರೇಜಿಗೇ ಬಂದರು. ಒಳಗೆ ಯಾರೂ ಇರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಪಾಟಿನ ಉದ್ದಕ್ಕೂ ನಡೆದು ನೋಡಿ, ಇವರೆಲ್ಲ ಒಂದೇ ಶಾಲೆಯ ಮಕ್ಕಳಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನಗೆ ಮೊದಲು ಅರ್ಥವಾಗಲಿಲ್ಲ. ಪುಸ್ತಕಗಳ ಯೂನಿಫಾರ್ಮಿನ ಬಗ್ಗೆ ಹೇಳುತ್ತಿದ್ದರು.

ಮನೆಯವರು ಹೇಳಿದ ಮಾತು ಕಿವಿಗೆ ಬೀಳಬೇಕಾದರೆ ಹೊರಗಿನವರು ಬಂದು ಹೇಳಬೇಕು. ಒಂದು ಪುಸ್ತಕದ ಬೈಂಡು ತೆಗೆಯಲೇ ಎಂದು ಅವರು ಕೇಳಿದರು. ತಲೆಯಾಡಿಸಿದೆ. ಒಳಗಿನಿಂದ ಛತ್ರಿ ಹಿಡಿದ ಕಪ್ಪೆ ಹೊರಬಂತು. ಗ್ಯಾರೇಜಿನಲ್ಲಿ ಹಠಾತ್ತನೆ ಒಂದು ದೀಪ ಹಾಕಿದ ಹಾಗಾಯಿತು.

ಆಗಲೇ ತಿಳಿದದ್ದು, ಕೊರಿಯಾದಲ್ಲಿ ಅವರೂ ಒಂದು ಲೈಬ್ರರಿ ನಡೆಸುತ್ತಿದ್ದರೆಂದು. ಡೇಜಾನ್ ಎಂಬ ಊರಿನಲ್ಲಿ, ಅಪಾರ್ಟ್‌ಮೆಂಟಿನ ನೆಲಮಹಡಿಯ ಎರಡು ಕೋಣೆಗಳಲ್ಲಿ, ಮಕ್ಕಳಿಗೆ ಇಂಗ್ಲಿಷ್ ಪುಸ್ತಕಗಳು. ಅಲ್ಲಿ ಮನೆಯ ನೆಲವನ್ನೇ ಕಾಯಿಸುತ್ತಾರಂತೆ. ಚಳಿಗಾಲದ ಸಂಜೆ ಮಕ್ಕಳು ಬೂಟು ಕಳಚಿ ಒಳಗೆ ಬಂದು ಬೆಚ್ಚಗಿನ ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಚಿತ್ರ ನೋಡುತ್ತಿದ್ದರಂತೆ. "ಅದೊಂದನ್ನು ನಾನು ಸರಿಯಾಗಿ ಮಾಡಿದ್ದೆ, ಉಳಿದದ್ದರಲ್ಲಿ ನಾನೂ ನಿನ್ನ ಹಾಗೇ," ಎಂದರು. ಕಷ್ಟದ ಪುಸ್ತಕಕ್ಕೆ ಕೆಂಪು ಚುಕ್ಕೆ, ಸುಲಭದ್ದಕ್ಕೆ ಹಳದಿ ಚುಕ್ಕೆ ಅಂಟಿಸಿದ್ದರಂತೆ. ತಾಯಂದಿರು ನೇರವಾಗಿ ಕೆಂಪಿನ ಕಡೆ ಹೋಗುತ್ತಿದ್ದರಂತೆ. ಪಕ್ಕದ ಮನೆಯ ಹುಡುಗ ಕೆಂಪಿಗೆ ಬಂದಿದ್ದಾನಲ್ಲ ಎಂಬ ಪೈಪೋಟಿ. ನನಗೆ ನಗು ಬಂತು. ಈ ತಾಯಂದಿರನ್ನು ನಾನು ಮೈಸೂರಿನಲ್ಲಿ ನೋಡಿದ್ದೇನೆ.

ನಗು ಮುಗಿದ ಮೇಲೆ ಅವರು ನನ್ನ ಫಲಕದ ಕಡೆ ಬೆರಳು ತೋರಿಸಿ ಏನು ಬರೆದಿದೆ ಎಂದರು. ಹೇಳಿದೆ. ಕುಳಿತು ಹಣ್ಣು ಹೆಚ್ಚತೊಡಗಿದರು. ತಮ್ಮ ಲೈಬ್ರರಿಯಲ್ಲೂ ಹೀಗೊಂದಿತ್ತು ಎಂದರು. ಬೂಟಿನ ಗೂಡು ದಾಟಿ ಒಳಗೆ ಬಂದರೆ ಇಂಗ್ಲಿಷ್ ಮಾತ್ರ. ಅವರ ಮಗನಿಗಾಗ ಆರು ವರ್ಷ. ಅಮ್ಮನಿಗೆ ಏನಾದರೂ ಹೇಳಬೇಕಿದ್ದರೆ ಅವಳ ಕೈಹಿಡಿದು ಬೂಟಿನ ಗೂಡಿನವರೆಗೆ ಎಳೆದುಕೊಂಡು ಹೋಗಿ, ಅಲ್ಲಿ ಕೊರಿಯನ್ ಭಾಷೆಯಲ್ಲಿ ಪಿಸುಗುಟ್ಟಿ ವಾಪಸ್ಸು ಬರುತ್ತಿದ್ದನಂತೆ. ಕೆಲವು ತಿಂಗಳ ನಂತರ ಎಳೆದುಕೊಂಡು ಹೋಗುವುದನ್ನು ಬಿಟ್ಟ.

"ಒಂದು ದಿನ ಅವನ ಮೊದಲ ಹಲ್ಲು ಬಿತ್ತು," ಎಂದರು. "ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಇಡೀ ಮಧ್ಯಾಹ್ನ ನನ್ನೆದುರಿಗೇ ಕುಳಿತಿದ್ದ. ಹಲ್ಲು ಎನ್ನಲು ಇಂಗ್ಲಿಷ್ ಪದ ಗೊತ್ತಿತ್ತು. ಬಿತ್ತು ಎನ್ನಲು ಗೊತ್ತಿರಲಿಲ್ಲ."

ಈಗ ಅವನೆಲ್ಲಿದ್ದಾನೆ ಎಂದು ಕೇಳಿದೆ. ಬ್ರಿಸ್ಬೇನ್‌ನಲ್ಲಿ ಎಂಜಿನಿಯರ್. ಭಾನುವಾರ ಫೋನ್ ಮಾಡುತ್ತಾನೆ. "ಅವನ ಇಂಗ್ಲಿಷ್ ಬಹಳ ಚೆನ್ನಾಗಿದೆ," ಎಂದು ಹಣ್ಣಿನ ಹೋಳೊಂದನ್ನು ನನ್ನ ಕಡೆ ಸರಿಸಿದರು.

ಅಂದೇ ಸಂಜೆ ಫಲಕ ಇಳಿಸಿದೆ. ಮರುದಿನ ಬೈಂಡು ಕೀಳಲು ಕುಳಿತೆ. ಹಾಕುವುದಕ್ಕಿಂತ ಕೀಳುವುದು ಬೇಗ ಮುಗಿಯುತ್ತದೆಂದು ತಿಳಿದಾಗ ಸ್ವಲ್ಪ ಅವಮಾನವೇ ಆಯಿತು. ಅಕ್ಕ ಬಂದು ಪಕ್ಕ ಕುಳಿತು ತಾನೂ ನಾಲ್ಕಾರು ಕಿತ್ತಳು. "ಅಪ್ಪಂಗೆ ಈ ಫೋಟೋನೂ ಕಳ್ಸು," ಎಂದಳು. ಅಪ್ಪನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಅವಳೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಅಪ್ಪ ಬೈಯಲಿಲ್ಲ.

"ಅಲ್ಲಮ್ಮಾ," ಎಂದರು, "ಬೈಂಡ್ ಹಾಕೋದು ಓದಲೇಬೇಕಾದ ಪುಸ್ತಕಕ್ಕೆ. ಓದ್ಲಿ ಅಂತ ಆಸೆ ಇರೋ ಪುಸ್ತಕಕ್ಕೆ ಯಾರಾದ್ರೂ ಹಾಕ್ತಾರಾ?"

ಇಷ್ಟು ವರ್ಷ ಅವರ ಕೈಯಲ್ಲಿ ಬೈಂಡು ಹಾಕಿಸಿಕೊಂಡು ನಾನು ಕಲಿತದ್ದು ಮಡಿಕೆ ಹಾಕುವುದನ್ನು ಮಾತ್ರ. ಬ್ರೌನ್ ಪೇಪರ್ ಇನ್ನು ಮನೆಯೊಳಗೆ ತರುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟದ್ದು ಆಗಲೇ. ಕಿತ್ತ ಕಾಗದವನ್ನೆಲ್ಲ ಅವಳು ಚಪಾತಿ ಹಿಟ್ಟು ಚೆಲ್ಲದಂತೆ ಕಟ್ಟೆಯ ಮೇಲೆ ಹಾಸಿ ಮುಗಿಸಿದಳು.

ಬಣ್ಣದ ರಕ್ಷಾಪುಟಗಳನ್ನು ಮುಖ ಕಾಣುವಂತೆ ನಿಲ್ಲಿಸಿ, ನೆಲಕ್ಕೆ ಹಳೆಯ ರಜಾಯಿ ಹಾಸಿ, ಇನ್ನು ಮಕ್ಕಳು ಓಡಿಬರುತ್ತಾರೆಂದು ಕಾದೆ. ಇದು ಕಥೆಯಾಗಿದ್ದರೆ ಬರುತ್ತಿದ್ದರು. ಆದರೆ ಒಮ್ಮೆ ಬಿಟ್ಟ ಅಭ್ಯಾಸ ಅಷ್ಟು ಬೇಗ ಮರಳುವುದಿಲ್ಲ. ಇದ್ದ ಒಬ್ಬಿಬ್ಬರಲ್ಲಿ ಒಬ್ಬ ಅಂಕಲ್, ಫಲಕ ಎಲ್ಲಿ ಎಂದು ಕೇಳಿದರು. ತೆಗೆದೆ ಎಂದೆ. ಇಂಗ್ಲಿಷಿನಲ್ಲೇ ಮಾತಾಡುವುದಾದರೆ ಮಕ್ಕಳನ್ನು ಪಾರ್ಕಿಗೇ ಕರೆದುಕೊಂಡು ಹೋಗುತ್ತೇನಲ್ಲ, ಇಲ್ಲಿಗೆ ಯಾಕೆ ಬರಲಿ ಎಂದು ವಿನಯದಿಂದಲೇ ಕೇಳಿ, ಮುಂದಿನ ವಾರದಿಂದ ಬರಲಿಲ್ಲ. ಅವರ ಮಾತಿನಲ್ಲೂ ಸತ್ಯವಿತ್ತು. ಆ ವಾರವೆಲ್ಲ ನನಗೆ ಫಲಕ ತೆಗೆದದ್ದೇ ತಪ್ಪೇನೋ ಎನಿಸುತ್ತಿತ್ತು. ಒಂದೆರಡು ಸಲ ಅದನ್ನು ಮತ್ತೆ ಕೈಗೆತ್ತಿಕೊಂಡೂ ನೋಡಿದೆ.

ಹೊಸದಾಗಿ ಬಂದವಳು ಒಬ್ಬಳೇ: ಸಿರಿ. ಇನ್ನೂ ನಾಲ್ಕು ತುಂಬದವಳು. ತಾಯಿ ರೂಪಾ ಹುಬ್ಬಳ್ಳಿಯವಳು, ಇಲ್ಲಿ ನರ್ಸಿಂಗ್ ಓದುತ್ತಿದ್ದಾಳೆ; ಸದರ್ನ್ ರಿವರ್‌ನಲ್ಲಿ ಮನೆ, ಕಾರಿಲ್ಲ. ಬಸ್ಸಿನಲ್ಲಿ ಬಂದು ಮಗಳನ್ನು ನನ್ನ ಬಳಿ ಕೂರಿಸಿ ವಾರದ ಸಾಮಾನು ಕೊಂಡು ಬರುತ್ತಿದ್ದಳು. ಬಂದು ಎರಡೇ ತಿಂಗಳಾಗಿದ್ದ ಸಿರಿಗೆ ಇಂಗ್ಲಿಷಿನ ಗಂಧವಿರಲಿಲ್ಲ. ಚೈಲ್ಡ್‌ಕೇರಿನಲ್ಲಿ ದಿನವಿಡೀ ಯಾರ ಜೊತೆಯೂ ಮಾತಾಡದವಳು, ಗ್ಯಾರೇಜಿಗೆ ಬಂದರೆ ಬಾಯಿ ಮುಚ್ಚುತ್ತಿರಲಿಲ್ಲ.

ಜೂನ್ ಕೊನೆಯ ಶನಿವಾರ ಬಂತು. ಬೆಳಗಿನಿಂದ ಮೋಡ ಕವಿದಿತ್ತು. ಭಾವ ಕೊಟ್ಟ ಗಡುವು ಅಂದಿಗೆ ಮುಗಿದಿತ್ತು. ನಾನೇ ಖಾಲಿ ಪೆಟ್ಟಿಗೆಗಳನ್ನು ತಂದು, ಗೋಡೆಯ ಕಡೆ ಮುಖ ಮಾಡಿ ಕುಳಿತು, ಪುಸ್ತಕ ತುಂಬಲು ಶುರುಮಾಡಿದೆ. ಸಿರಿ ರಜಾಯಿಯ ಮೇಲೆ ಕುಳಿತು ಆನೆಯ ಪುಸ್ತಕವೊಂದನ್ನು ತಿರುವಿಹಾಕುತ್ತಿದ್ದಳು. ಕೆಸರಿನಲ್ಲಿ ಆಡುವ ಮರಿಯಾನೆ, ದಡದಲ್ಲಿ ನಿಂತ ತಾಯಿಯಾನೆ. ಪುಟಕ್ಕೆ ಒಂದೇ ಸಾಲು. ಆ ಹೊತ್ತಿಗೆ ಅನ್ವಿ ತನ್ನ ಸ್ಕೂಟರಿನ ಹೆಲ್ಮೆಟ್ ಹುಡುಕಿಕೊಂಡು ಬಂದಳು. ಸಿರಿ ಎದ್ದು ಹೋಗಿ ಪುಸ್ತಕವನ್ನು ಅವಳ ಹೊಟ್ಟೆಗೆ ಒತ್ತಿ ಹಿಡಿದಳು.

"ಅಕ್ಕಾ, ಇದನ್ನ ಓದು."

ಅನ್ವಿಯನ್ನು ಅಕ್ಕ ಎಂದು ಕರೆದವರು ಅದುವರೆಗೆ ಯಾರೂ ಇರಲಿಲ್ಲ. ಅವಳು ನನ್ನ ಕಡೆ ನೋಡಿದಳೆಂದು ಕಾಣುತ್ತದೆ. ನಾನು ತಿರುಗಲಿಲ್ಲ. ರಜಾಯಿಯ ಮೇಲೆ ಇಬ್ಬರೂ ಕುಳಿತ ಸದ್ದು ಕೇಳಿತು.

"ಓಕೆ, ಸೋ, ದ ಮಮ್ ಎಲಿಫೆಂಟ್ ಇಸ್ ಸೂಪರ್ ಕ್ರಾಸ್, ಬಿಕಾಸ್…"

"ಏನನ್ನಾಕತ್ತೀ?" ಎಂದಳು ಸಿರಿ.

ಅನ್ವಿ ಓದು ನಿಲ್ಲಿಸಿದಳು. ಮತ್ತೆ ಇಂಗ್ಲಿಷಿನಲ್ಲೇ, ಇನ್ನಷ್ಟು ನಿಧಾನವಾಗಿ ಹೇಳಿದಳು. ಸಿರಿಗೆ ಸಮಾಧಾನವಾಗಲಿಲ್ಲ. ಬೆರಳಿನಿಂದ ಚಿತ್ರವನ್ನು ಕುಟ್ಟಿ ಕುಟ್ಟಿ ಕೇಳಿದಳು: "ಅವ್ರವ್ವ ಏನಂತಾಳ?"

ಅನ್ವಿ ಯೋಚಿಸುತ್ತ ಪುಟದ ಮೂಲೆ ಮಡಚಿ ಬಿಡಿಸುವ ಸದ್ದು ಕೇಳಿತು. ನನ್ನ ಕೈಯಲ್ಲಿದ್ದ ಪುಸ್ತಕ ಕೈಯಲ್ಲೇ ಉಳಿಯಿತು. ಆಮೇಲೆ ಗ್ಯಾರೇಜಿನಲ್ಲಿ ಅಕ್ಕನ ಮಾತು ಕೇಳಿತು. ಅಕ್ಕನದೇ ಏರಿಳಿತ, ಅಕ್ಕನದೇ ಅವಸರ. ದನಿ ಮಾತ್ರ ಸಣ್ಣದು.

"ಎಷ್ಟ್ ಸಲ ಹೇಳ್ಬೇಕು ನಿಂಗೆ? ಬೇಗ ಬಾ. ಎಲ್ಲಾ ಕೊಳೆ ಮಾಡ್ಕೊಂಡಿದೀಯ. ನಂಗೆ ಮೀಟಿಂಗ್ ಇದೆ."

"ಆನಿಗೆ ಮೀಟಿಂಗ್ ಇರ್ತೈತೇನು?"

"ಎಲ್ಲಾ ಅಮ್ಮಂಗೂ ಇರತ್ತೆ," ಎಂದಳು ಅನ್ವಿ.

ಪುಟ ತಿರುಗಿತು. ತಾಯಿಯಾನೆ ಮರಿಗೆ ಸೊಂಡಿಲಿನಿಂದ ನೀರು ಹೊಯ್ಯುವ ಚಿತ್ರವಿರಬೇಕು. 'ಕಣ್ಣು ಮುಚ್ಕೋ, ಸೋಪ್ ಹೋಗತ್ತೆ' ಎಂದಳು ತಾಯಿಯಾನೆ. ಮರಿ ಹುಲ್ಲು ತಿನ್ನದಿದ್ದಾಗ 'ಇನ್ನೊಂದೇ ತುತ್ತು, ಕೊನೇದು' ಎಂದಳು. ಅದು ಕೊನೆಯದಲ್ಲವೆಂದು ಮರಿಗೂ ಗೊತ್ತಿತ್ತು, ಸಿರಿಗೂ ಗೊತ್ತಿತ್ತು. ಇಬ್ಬರೂ ನಕ್ಕರು. ಪುಸ್ತಕದಲ್ಲಿ ಇರುವುದೇನು ಎಂದು ನನಗೆ ಗೊತ್ತು. ಇದರಲ್ಲಿ ಒಂದಕ್ಷರವೂ ಅಲ್ಲಿಲ್ಲ. ಅನ್ವಿಯ ಬಳಿ ಇದ್ದ ಕನ್ನಡವೆಲ್ಲ ಬೈಗುಳದ್ದು, ಸ್ನಾನದ್ದು, ಊಟದ್ದು. ಎಂಟು ವರ್ಷ ಒಳಗೆ ಬಂದದ್ದೆಲ್ಲ ಒಂದೊಂದೂ ಜೋಪಾನವಾಗಿ ಇತ್ತು.

ಮನೆಯ ಒಳಬಾಗಿಲ ಕಡೆ ನೋಡಿದೆ. ಅಕ್ಕ ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದಳು. ಮೊದಲು ಅವಳ ಮುಖದಲ್ಲಿ ನಗುವಿತ್ತು. ಮೀಟಿಂಗಿನ ಮಾತು ಬಂದಾಗಲೇ ಬಂದಿದ್ದಳೆಂದು ಆಮೇಲೆ ಹೇಳಿದಳು.

ಕೊನೆಯ ಪುಟ. ಕತ್ತಲೆ, ನಕ್ಷತ್ರಗಳು, ತಾಯಿಗೆ ಒರಗಿ ಮಲಗಿದ ಮರಿ.

"ಈಗೇನಂತಾಳ ಅವ್ವ?"

ಅನ್ವಿ ಈ ಸಲ ಯೋಚಿಸಲಿಲ್ಲ. ದನಿ ತಗ್ಗಿಸಿ, ಮರಿಗೆ ಎಚ್ಚರವಾಗದಂತೆ ಹೇಳಿದಳು.

"ಸಾರಿ ಬಂಗಾರ. ಅಮ್ಮಂಗೆ ತುಂಬಾ ಸುಸ್ತಾಗಿತ್ತು. ಅದಕ್ಕೇ ಬೈದೆ."

ಅಕ್ಕನ ಮುಖದ ನಗು ಅಲ್ಲೇ ನಿಂತುಹೋಯಿತು. ಮಗಳು ನಿದ್ದೆ ಹೋಗಿದ್ದಾಳೆಂದುಕೊಂಡು ದಿನವೂ ಅವಳ ತಲೆ ಸವರುತ್ತ ಹೇಳುತ್ತಿದ್ದ ಮಾತಂತೆ ಅದು. ಬುಟ್ಟಿಯನ್ನು ನೆಲದ ಮೇಲೇ ಇಟ್ಟಳು.

ಅಷ್ಟರಲ್ಲಿ ಮಳೆ ಶುರುವಾಯಿತು. ತೆರೆದ ರೋಲರ್ ಬಾಗಿಲಿನಿಂದ ಭಾವ ತಲೆಯ ಮೇಲೆ ಕೈಯಿಟ್ಟುಕೊಂಡು ಓಡಿಬಂದರು. ಬೆರಳಿನಲ್ಲಿ ಕಾರಿನ ಕೀ ತೂಗುತ್ತಿತ್ತು. "ಸುಮಾ, ಜೋರಾಗೋ ಹಾಗಿದೆ. ಮಧ್ಯದ ಕಪಾಟು ಒಂದು ಸರಿಸಿದ್ರೆ ಕಾರು…" ಎನ್ನುತ್ತಿದ್ದವರು ಅಕ್ಕನನ್ನು ನೋಡಿ ನಿಲ್ಲಿಸಿದರು. ಅಕ್ಕ ತುಟಿಯ ಮೇಲೆ ಬೆರಳಿಟ್ಟಿದ್ದಳು.

ಭಾವ ರಜಾಯಿಯ ಕಡೆ ನೋಡಿದರು. ಹೊರಗೆ ಒದ್ದೆಯಾಗುತ್ತಿದ್ದ ಕಾರನ್ನು ನೋಡಿದರು. ಕೀಯನ್ನು ಜೇಬಿಗೆ ಹಾಕಿ, ಗೋಡೆಯ ಗುಂಡಿ ಒತ್ತಿ, ರೋಲರ್ ಬಾಗಿಲನ್ನು ಇಳಿಸಿದರು. ಕಾರು ಹೊರಗೇ ಉಳಿಯಿತು. ಮಳೆಯ ಸದ್ದು ದೂರವಾಯಿತು.

"ಇನ್ನೊಮ್ಮಿ ಹೇಳು," ಎಂದಳು ಸಿರಿ.

ಅನ್ವಿ ಮೊದಲ ಪುಟಕ್ಕೆ ತಿರುವಿದಳು. ಅಕ್ಕ ಸದ್ದಿಲ್ಲದೆ ಹೋಗಿ ರಜಾಯಿಯ ಅಂಚಿನಲ್ಲಿ ಕುಳಿತಳು, ಮತ್ತೊಮ್ಮೆ ಬೈಸಿಕೊಳ್ಳಲು.